ಮೇಜಿನ ಮೇಲೊಂದು ಗಜದ ರೈಲುದಾರಿ

ಮಕ್ಕಳಿಗೆಂದು ಕೊಂಡುತಂದ ಆಟಿಕೆಗಳಲ್ಲಿ ಕೆಲವು ಮಕ್ಕಳ ಕೈಗಿಂತ ಹೆಚ್ಚಾಗಿ ಹಿರಿಯರ ಕೈಯಲ್ಲಿಯೇ ಇರುವುದು ಎಲ್ಲರ ಮನೆಯಲ್ಲಿಯೂ ಕಂಡುಬರುವ ಸಂಗತಿ. ಪುಟ್ಟ ರೈಲುಬಂಡಿಯು ಇಂಥವುಗಳಲ್ಲಿ ಅಗ್ರಗಣ್ಯವಾದುದು. ಹಳಿಯನ್ನು ಜೋಡಿಸಿ, ಗಾಡಿಯನ್ನು ಏರಿಸಿ, ಗುಂಡಿಯನ್ನು ತಿರುಗಿಸಿದೊಡನೆ ಅದು ಹೊರಟಿತೆಂದರೆ ಮನೆಯವರೆಲ್ಲರೂ ಮಕ್ಕಳೇ. ಆದರೆ ಅದು ಹೊರಡದಿದ್ದರೆ? ಆಗ ಮಕ್ಕಳು ಬೇರೆ ಆಟಕ್ಕೆ ಹೋಗಿಬಿಡುವರು. ಹಿರಿಯನೊಬ್ಬನು ಮಾತ್ರ ಕನ್ನಡಕವನ್ನು ಹಣೆಗೇರಿಸಿಕೊಂಡು ಹಳಿಯ ಪಕ್ಕದಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗಿರುವನು. ಅಂಥ ಹಿರಿಯನಿಗಾಗಿಯೇ ಈ ಲೇಖನವನ್ನು ಬರೆದಿದೆ.

ನನ್ನ ತಮ್ಮನು ೧೯೭೮ರಲ್ಲಿ ಕೆಲಸದ ತರಬೇತಿಗೆಂದು ಜರ್ಮನಿಗೆ ಹೋಗಿದ್ದವನು ಹಿಂದಿರುಗುವಾಗ ಗೇಣುದ್ದಕ್ಕೂ ಕಡಮೆಯಾದ ಒಂದು ಕರಿಯ ಎಂಜಿನನ್ನು ತಂದನು. ಅಂದಿನಿಂದ ಪ್ರತಿವರ್ಷವೂ ನವರಾತ್ರಿಯಲ್ಲಿ ಅವನ ಮನೆಯ ಗೊಂಬೆಗಳ ಸುತ್ತ ಅದು ಓಡುತ್ತಿತ್ತು. ಪಟ್ಟದ ಗೊಂಬೆಗಳಿಗೆ ಪ್ರದಕ್ಷಿಣೆ ಹಾಕಿ, ಶೆಟ್ಟರ ಅಂಗಡಿಯ ಮುಂದೆ ನಿಂತು, ಮತ್ತೆ ಹೊರಡುವ ಆ ಬಂಡಿಯನ್ನು ನೋಡಲೆಂದೇ ಬೀದಿಯ ಮಕ್ಕಳು ಬರುತ್ತಿದ್ದರು. ತಮ್ಮನು ತೀರಿಕೊಂಡು ಮೂರು ವರ್ಷಗಳಾದುವು. ಅವನ ಹೆಂಡತಿಯು ಒಂದು ದಿನ ಆ ಎಂಜಿನನ್ನು ಹಳೆಯ ಕಾಗದದ ಪೆಟ್ಟಿಗೆಯ ಸಮೇತ ತಂದು ನನ್ನ ಮುಂದಿಟ್ಟು, “ಭಾವ, ಈ ಸಲದ ಗೊಂಬೆಹಬ್ಬಕ್ಕೆ ಇದು ನಿಮ್ಮ ಮನೆಯಲ್ಲಿ ಓಡಲಿ. ನನಗೆ ಇದನ್ನು ಓಡಿಸುವುದಕ್ಕೆ ಬಾರದು” ಎಂದಳು.

ನಮ್ಮ ಮನೆಯಲ್ಲಿ ಮೊಮ್ಮಗಳಿಗೆಂದು ಕೊಂಡ ರೈಲಿನ ಸಜ್ಜು ಇದ್ದಿತು. ಅದು ಈ ಕಾಲದ ಡಿಜಿಟಲ್ ವ್ಯವಸ್ಥೆಯದು. ತಮ್ಮನ ಎಂಜಿನು ಆ ಹಳಿಯ ಮೇಲೆ ಓಡಬೇಕಾದರೆ ಅದರ ಹೊಟ್ಟೆಯೊಳಗೆ ಡಿಕೋಡರು ಎಂಬ ಚಿಕ್ಕ ಬಿಲ್ಲೆಯೊಂದನ್ನು ಸೇರಿಸಬೇಕು. ಹಬ್ಬಕ್ಕೆ ಎರಡೇ ದಿನ ಉಳಿದಿದ್ದುವು. ನಾನು ಒಂದು ಸಂಜೆ ಕುಳಿತು ಬಣ್ಣಬಣ್ಣದ ತಂತಿಗಳನ್ನು ಬೆಸೆದು, ಯಾವ ಪರೀಕ್ಷೆಯನ್ನೂ ಮಾಡದೆ, ಎಂಜಿನನ್ನು ನೆಟ್ಟಗೆ ಹಬ್ಬದ ಹಳಿಯ ಮೇಲಿಟ್ಟು ಸ್ವಿಚ್ಚನ್ನು ಒತ್ತಿದೆನು. ಎಂಜಿನಿನಿಂದ ನೀಲಿ ಹೊಗೆಯ ಎಳೆಯೊಂದು ಎದ್ದಿತು. “ತಾತ, ಎಂಜಿನ್ ಹೊಗೆ ಬಿಡ್ತಾ ಇದೆ!” ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅದು ಉಗಿಯ ಎಂಜಿನಿನ ಹೊಗೆಯಲ್ಲ, ಡಿಕೋಡರು ಸುಟ್ಟ ಹೊಗೆ ಎಂಬುದು ನನಗೊಬ್ಬನಿಗೆ ತಿಳಿದಿತ್ತು. ಆ ವರ್ಷದ ಹಬ್ಬದಲ್ಲಿ ಎಂಜಿನು ಗೊಂಬೆಗಳ ಸಾಲಿನಲ್ಲಿ ಸುಮ್ಮನೆ ನಿಂತಿತು. ತಮ್ಮನ ಹೆಂಡತಿಯು ಬಂದು ನೋಡಿದಳು, ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಮೇಲಾಗುತ್ತಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ಹಲವರಿಗೆ ಹೇಳಿದ್ದೆನು. ಆ ದಿನ ನನಗೇ ಹೇಳಿಕೊಂಡೆನು. ಆಮೇಲೆ ಬೆಲೆತೆತ್ತು ಕಲಿತ ವಿಷಯವಿದು: ಯಾವ ಎಂಜಿನನ್ನೇ ಆಗಲಿ, ದೊಡ್ಡ ಹಳಿಯ ಮೇಲೆ ಇಡುವುದಕ್ಕೆ ಮೊದಲು ಕೆಲಸದ ಮೇಜಿನ ಮೇಲಿರುವ ಚಿಕ್ಕ ಪರೀಕ್ಷಾ ಹಳಿಯೊಂದರಲ್ಲಿ ಅದನ್ನು ಹಂತಹಂತವಾಗಿ ಪರಿಶೀಲಿಸತಕ್ಕದ್ದು. ಆ ಹಳಿಯನ್ನು ಕಟ್ಟುವ ಬಗೆಯನ್ನೂ, ಅದರ ಮೇಲೆ ಪರೀಕ್ಷೆ ಮಾಡುವ ಕ್ರಮವನ್ನೂ ಮುಂದೆ ವಿವರಿಸುವೆನು.

ಪುಟ್ಟ ರೈಲಿನ ಪೂರ್ವೋತ್ತರ

ಆಟಿಕೆಯ ರೈಲಿಗೆ ಒಂದು ಕಟ್ಟುಪಾಡು ಬಂದುದು ೧೮೯೧ರಲ್ಲಿ. ಆ ವರ್ಷ ಜರ್ಮನಿಯ ಲೈಪ್‌ಜಿಗ್ ಪಟ್ಟಣದ ಮೇಳದಲ್ಲಿ ಮೆರ್ಕ್ಲಿನ್ ಎಂಬ ಆಟಿಕೆಯ ಕಾರ್ಖಾನೆಯವರು, ಕೀಲಿ ಕೊಟ್ಟರೆ ಓಡುವ ಬಂಡಿಯನ್ನೂ ಎಂಟರ ಆಕಾರದ ಹಳಿಯನ್ನೂ ಪ್ರದರ್ಶಿಸಿದರು. ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳನ್ನು ಇಟ್ಟುದರಿಂದ ಈ ವರ್ಷ ಕೊಂಡ ಬಂಡಿಗೆ ಮುಂದಿನ ವರ್ಷ ಕೊಂಡ ಹಳಿಯು ಹೊಂದಿಕೊಳ್ಳುವಂತಾಯಿತು. ಕಾಲಕ್ರಮದಲ್ಲಿ ಕೀಲಿಯ ಬದಲು ವಿದ್ಯುಚ್ಛಕ್ತಿಯು ಬಂದಿತು.

ಇಂದು ಪ್ರಪಂಚದಲ್ಲಿ ಬಹು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು. ಇದರಲ್ಲಿ ಎಲ್ಲವೂ ನಿಜವಾದುದರ ಎಂಬತ್ತೇಳರಲ್ಲೊಂದು ಪಾಲು. ಯೂರೋಪಿನ ಮತ್ತು ಅಮೆರಿಕದ ಹಳಿಗಳ ಅಗಲ ೧೪೩೫ ಮಿಲ್ಲಿಮೀಟರು; ಅದನ್ನು ೮೭ರಿಂದ ಭಾಗಿಸಿದರೆ ಹದಿನಾರೂವರೆ ಮಿಲ್ಲಿಮೀಟರು ಬರುವುದು. ಎಚ್‌ಒ ಹಳಿಯ ಅಗಲವೂ ಅದೇ. ನಮ್ಮ ದೇಶದ ಅಗಲ ಹಳಿಯಾದರೋ ೧೬೭೬ ಮಿಲ್ಲಿಮೀಟರು. ಆ ಲೆಕ್ಕದಿಂದ ಪುಟ್ಟ ಹಳಿಯು ಸುಮಾರು ಹತ್ತೊಂಬತ್ತೂಕಾಲು ಮಿಲ್ಲಿಮೀಟರು ಇರಬೇಕು. ಆದುದರಿಂದ ನಮ್ಮ ದೇಶದ ಎಂಜಿನುಗಳ ಮಾದರಿಯನ್ನು ಮಾಡಿ ಹದಿನಾರೂವರೆಯ ಹಳಿಯ ಮೇಲೆ ನಿಲ್ಲಿಸಿದರೆ, ಬಲ್ಲವರ ಕಣ್ಣಿಗೆ ಕಾಲು ಕೂಡಿಸಿ ನಿಂತಂತೆ ಕಾಣುವುದು.

ಹಳೆಯ ಪದ್ಧತಿಯಲ್ಲಿ ರೈಲನ್ನು ನಡೆಸುವ ಉಪಾಯ ಸರಳವಾಗಿತ್ತು. ಎರಡು ಹಳಿಗಳಿಗೆ ಏಕಮುಖ ವಿದ್ಯುತ್ತನ್ನು ಹನ್ನೆರಡು ವೋಲ್ಟಿನವರೆಗೆ ಕೊಡುವುದು. ವೋಲ್ಟು ಹೆಚ್ಚಿದರೆ ವೇಗ ಹೆಚ್ಚು, ಕಡಮೆಯಾದರೆ ವೇಗ ಕಡಮೆ, ಧನ ಋಣಗಳನ್ನು ಅದಲುಬದಲು ಮಾಡಿದರೆ ಹಿನ್ನಡೆ. ಆದರೆ ಒಂದೇ ಹಳಿಯ ಮೇಲೆ ಎರಡು ಎಂಜಿನುಗಳಿದ್ದರೆ ಎರಡೂ ಒಟ್ಟಿಗೇ ಹೊರಡುವುವು, ಒಟ್ಟಿಗೇ ನಿಲ್ಲುವುವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡುತುಂಡು ಮಾಡಿ ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚನ್ನು ಇಡಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಿದುದೇ ಡಿಜಿಟಲ್ ಆಜ್ಞಾಪದ್ಧತಿ. ಜರ್ಮನಿಯ ಲೆನ್ಜ್ ಎಂಬ ಸಂಸ್ಥೆಯವರು ರೂಪಿಸಿದ ಕ್ರಮವನ್ನು ಆಧಾರವಾಗಿಟ್ಟುಕೊಂಡು, ೧೯೩೫ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು ೧೯೯೦ರ ದಶಕದಲ್ಲಿ ಇದಕ್ಕೆ ಸರ್ವಸಮ್ಮತವಾದ ನಿಯಮಗಳನ್ನು ಹೊರಡಿಸಿತು. ಇದನ್ನು ಎಲ್ಲರೂ ಡಿಸಿಸಿ ಎಂದು ಕರೆಯುವರು. ಒಬ್ಬರ ಎಂಜಿನಿಗೆ ಮತ್ತೊಬ್ಬರ ಡಿಕೋಡರೂ, ಅದಕ್ಕೆ ಮೂರನೆಯವರ ಆಜ್ಞಾಪೆಟ್ಟಿಗೆಯೂ ಹೊಂದಿಕೊಳ್ಳುವುದು ಈ ನಿಯಮಗಳ ಫಲ.

ಹಳಿಯಲ್ಲಿ ಹರಿಯುವ ಡಂಗುರ

ಡಿಸಿಸಿಯ ಮರ್ಮವನ್ನು ನಮ್ಮ ಹಳ್ಳಿಗಳ ಡಂಗುರದ ಹೋಲಿಕೆಯಿಂದ ತಿಳಿಯಬಹುದು. ಡಂಗುರದವನು ಮೊದಲು ತಮಟೆಯನ್ನು ಬಾರಿಸಿ ಎಲ್ಲರ ಗಮನವನ್ನು ಸೆಳೆಯುವನು. ಬಳಿಕ ಯಾರಿಗೆ ಸಂಬಂಧಿಸಿದ ಆಜ್ಞೆಯೆಂದು ಹೇಳುವನು. ಅನಂತರ ಆಜ್ಞೆಯನ್ನು ಸಾರುವನು. ಊರಿನವರೆಲ್ಲರೂ ಕೇಳುವರು, ಸಂಬಂಧಪಟ್ಟವನು ಮಾತ್ರ ನಡೆದುಕೊಳ್ಳುವನು. ಹಳಿಯ ಮೇಲೆ ನಡೆಯುವುದೂ ಇದೇ. ಆಜ್ಞಾಪೆಟ್ಟಿಗೆಯು ಎರಡು ಹಳಿಗಳ ನಡುವೆ ಸುಮಾರು ಹದಿನಾಲ್ಕು ಹದಿನೈದು ವೋಲ್ಟಿನ ವಿದ್ಯುತ್ತನ್ನು ಯಾವಾಗಲೂ ಪೂರ್ಣವಾಗಿಯೇ ಕೊಟ್ಟಿರುವುದು. ಆದರೆ ಅದರ ಮುಖವನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತಿರುವುದು. ಒಂದು ಮುಖವಾಗಿ ೫೮ ಮೈಕ್ರೊಸೆಕೆಂಡು, ಮತ್ತೊಂದು ಮುಖವಾಗಿ ೫೮ ಮೈಕ್ರೊಸೆಕೆಂಡು ಇದ್ದರೆ ಅದು ‘ಒಂದು’ ಎಂಬ ಅಂಕಿ. ಪ್ರತಿಮುಖವೂ ೧೦೦ ಮೈಕ್ರೊಸೆಕೆಂಡಿನಷ್ಟು ನಿಧಾನವಾದರೆ ಅದು ‘ಸೊನ್ನೆ’. ಮೈಕ್ರೊಸೆಕೆಂಡೆಂದರೆ ಸೆಕೆಂಡಿನಲ್ಲಿ ಹತ್ತು ಲಕ್ಷದ ಒಂದು ಪಾಲು.

ಈ ಒಂದು ಸೊನ್ನೆಗಳೇ ಅಕ್ಷರಗಳು. ಮೊದಲು ಕಡಮೆಯೆಂದರೆ ಹದಿನಾಲ್ಕು ‘ಒಂದು’ಗಳು ಸಾಲಾಗಿ ಬರುವುವು, ಅದು ತಮಟೆಯ ಸದ್ದು. ಆಮೇಲೆ ಎಂಜಿನಿನ ಸಂಖ್ಯೆ, ಅದರ ಮೇಲೆ ವೇಗ ದಿಕ್ಕುಗಳ ಆಜ್ಞೆ, ಕೊನೆಯಲ್ಲಿ ತಾಳೆ ನೋಡುವ ಒಂದು ಸಂಖ್ಯೆ. ತಾಳೆ ಬೀಳದಿದ್ದರೆ ಡಿಕೋಡರು ಆ ಆಜ್ಞೆಯನ್ನು ಕೇಳಿಯೂ ಕೇಳದಂತೆ ಬಿಟ್ಟುಬಿಡುವುದು. ಚಿಕ್ಕ ಆಜ್ಞೆಯೊಂದು ಮುಗಿಯುವುದಕ್ಕೆ ಆರೇಳು ಮಿಲ್ಲಿಸೆಕೆಂಡು ಸಾಕು. ಆದುದರಿಂದ ಪೆಟ್ಟಿಗೆಯು ಅದನ್ನೇ ಮತ್ತೆಮತ್ತೆ ಸಾರುತ್ತಿರುವುದು. ಗಾಲಿಯ ಕೆಳಗೆ ಧೂಳು ಬಂದು ಒಂದು ಆಜ್ಞೆ ತಪ್ಪಿದರೂ ಮುಂದಿನದು ತಲಪುವುದು.

ಡಿಕೋಡರು ಈ ವಿದ್ಯುತ್ತನ್ನು ಏಕಮುಖವಾಗಿ ಮಾಡಿಕೊಂಡು, ಆಜ್ಞೆಗೆ ತಕ್ಕಂತೆ ಮೋಟಾರಿಗೆ ತುಣುಕು ತುಣುಕಾಗಿ ಹಂಚುವುದು. ಹೊಸ ಡಿಕೋಡರುಗಳೆಲ್ಲ ಸಾಮಾನ್ಯವಾಗಿ ೩ ಎಂಬ ಸಂಖ್ಯೆಯನ್ನು ಹೊತ್ತು ಬರುವುವು. ಅದನ್ನು ನಾವು ಬದಲಾಯಿಸಿಕೊಳ್ಳಬಹುದು. ಇಂಥ ವಿಷಯಗಳನ್ನು ಡಿಕೋಡರು ತನ್ನೊಳಗಿನ ಲೆಕ್ಕದ ಖಾನೆಗಳಲ್ಲಿ ಬರೆದಿಟ್ಟುಕೊಳ್ಳುವುದು. ಇವುಗಳಿಗೆ ಸಿವಿ ಎಂದು ಹೆಸರು. ಒಂದನೆಯ ಖಾನೆಯಲ್ಲಿ ಎಂಜಿನಿನ ಸಂಖ್ಯೆ. ಎರಡನೆಯದರಲ್ಲಿ ಹೊರಡುವಾಗ ಮೋಟಾರಿಗೆ ಕೊಡಬೇಕಾದ ಬಲ. ಮೂರು ಮತ್ತು ನಾಲ್ಕರಲ್ಲಿ ವೇಗವು ಏರುವ ಮತ್ತು ಇಳಿಯುವ ನಿಧಾನ. ಎಂಟನೆಯದರಲ್ಲಿ ತಯಾರಕರ ಗುರುತು. ಇಪ್ಪತ್ತೊಂಬತ್ತನೆಯದರಲ್ಲಿ ದಿಕ್ಕು ಮೊದಲಾದ ಮುಖ್ಯ ಏರ್ಪಾಡುಗಳು.

ಹಲಗೆ ಮತ್ತು ಹಳಿ

ಪರೀಕ್ಷಾ ಹಳಿಗೆ ಬೇಕಾದ ಸಾಮಗ್ರಿಯು ಹೆಚ್ಚಿನದಲ್ಲ. ನಾಲ್ಕು ಅಡಿ ಉದ್ದ, ಆರು ಅಂಗುಲ ಅಗಲ, ಅರ್ಧ ಅಂಗುಲ ದಪ್ಪದ ಪ್ಲೈವುಡ್ ಹಲಗೆಯೊಂದು. ಒಂದು ಗಜ, ಅಂದರೆ ೯೧೪ ಮಿಲ್ಲಿಮೀಟರು ಉದ್ದದ ಹಳಿಯ ತುಂಡೊಂದು. ಹಳಿಯು ಬಾಗಿರಕೂಡದು; ಉಕ್ಕಿನ ಅಳತೆಪಟ್ಟಿಯನ್ನು ಒತ್ತಿಟ್ಟು ನೇರಮಾಡಿ ಚಿಕ್ಕ ಮೊಳೆಗಳಿಂದ ಹೊಡೆಯಬೇಕು. ಮೊಳೆಯನ್ನು ಬಲವಾಗಿ ಹೊಡೆದರೆ ಅಡ್ಡಪಟ್ಟಿಯು ಬಗ್ಗಿ ಎರಡು ಹಳಿಗಳ ನಡುವಿನ ಅಂತರವು ಕುಗ್ಗುವುದು. ಆದುದರಿಂದ ತಲೆಯು ಪಟ್ಟಿಗೆ ತಾಗುವಷ್ಟಕ್ಕೆ ನಿಲ್ಲಿಸತಕ್ಕದ್ದು.

ಹಳಿಯ ಎತ್ತರದಲ್ಲಿಯೂ ಭೇದಗಳಿವೆ. ಹಳೆಯ ಎಂಜಿನುಗಳ ಗಾಲಿಗಳ ಅಂಚು ಆಳವಾಗಿರುವುದರಿಂದ ತಗ್ಗಾದ ಹಳಿಯಲ್ಲಿ ಅವು ಅಡ್ಡಪಟ್ಟಿಗೆ ತಾಗಿ ಟಕಟಕ ಎನ್ನುವುವು. ಅಂಗುಲದಲ್ಲಿ ಹತ್ತನೆಯ ಒಂದು ಭಾಗದಷ್ಟು ಎತ್ತರವಾದ ಹಳಿಯನ್ನು ಆರಿಸಿಕೊಂಡರೆ ಹಳೆಯದೂ ಹೊಸದೂ ಎರಡೂ ಅದರ ಮೇಲೆ ಸುಖವಾಗಿ ಹೋಗುವುವು.

ಹಲಗೆಯ ಎರಡು ತುದಿಗಳಲ್ಲಿಯೂ ಮರದ ತುಂಡುಗಳನ್ನು ಅಂಟಿಸಿ ಅವುಗಳಿಗೆ ಮೆತ್ತನೆಯ ಬಟ್ಟೆಯನ್ನು ಹೊದಿಸಬೇಕು. ಇದು ಅಲಂಕಾರಕ್ಕಾಗಿ ಅಲ್ಲ. ಪರೀಕ್ಷೆಗೆ ಬಂದ ಎಂಜಿನು ಎಷ್ಟು ವೇಗವಾಗಿ ಹೊರಡುವುದೋ ಯಾರಿಗೂ ತಿಳಿಯದು. ಮೇಜಿನಿಂದ ನೆಲಕ್ಕೆ ಎರಡೂವರೆ ಅಡಿ. ಹಲಗೆಯ ಉದ್ದಕ್ಕೂ ಎರಡು ಪಕ್ಕಗಳಲ್ಲಿ ಬೆರಳೆತ್ತರದ ಮರದ ಪಟ್ಟಿಯನ್ನು ಹೊಡೆದರೆ ಇನ್ನೂ ಕ್ಷೇಮ. ಉರುಳಿಹೋಗುವ ಚಿಕ್ಕ ತಿರುಪುಮೊಳೆಗಳನ್ನೂ ಅದು ತಡೆಯುವುದು. ಗಾಲಿಗಳನ್ನು ನಿಂತಲ್ಲಿಯೇ ತಿರುಗಿಸುವ ಉರುಳೆಗಳ ಜೋಡಿಯು ದೊರೆತರೆ ಹಳಿಯ ಮೇಲೆ ಇಟ್ಟುಕೊಳ್ಳಬಹುದು. ಆಗ ಒಂದು ಗಜದ ದಾರಿಯಲ್ಲಿಯೇ ಎಂಜಿನು ಗಾವುದ ದೂರ ಓಡುವುದು.

ತಂತಿಗಳ ಜೋಡಣೆ

ಹಳಿಯ ಹೊರಮಗ್ಗುಲಿಗೆ, ಒಂದಕ್ಕೆ ಕೆಂಪು ಇನ್ನೊಂದಕ್ಕೆ ಕಪ್ಪು ತಂತಿಗಳನ್ನು ಬೆಸೆಯಬೇಕು. ಅಡ್ಡಪಟ್ಟಿಗಳು ಪ್ಲಾಸ್ಟಿಕ್ಕಿನವಾದುದರಿಂದ ಸಾಲ್ಡರಿಂಗ್ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಕರಗಿಹೋಗುವುವು. ಬೆಸೆಯುವ ಸ್ಥಳದ ಎರಡು ಕಡೆಗಳಲ್ಲಿ ಒದ್ದೆ ಹತ್ತಿಯನ್ನು ಇಟ್ಟು, ಹಳಿಗೂ ತಂತಿಗೂ ಮೊದಲೇ ಬೇರೆಬೇರೆಯಾಗಿ ಬೆಸುಗೆಯನ್ನು ಸವರಿಕೊಂಡು, ಎರಡನ್ನೂ ಕೂಡಿಸಿ ಒಂದೆರಡು ಸೆಕೆಂಡಿನಲ್ಲಿ ಕೆಲಸವನ್ನು ಮುಗಿಸಬೇಕು. ಕಿಟಕಿಯನ್ನು ತೆರೆದಿಟ್ಟು ಈ ಕೆಲಸ ಮಾಡುವುದೂ, ಆಮೇಲೆ ಸಾಬೂನಿನಿಂದ ಕೈ ತೊಳೆಯುವುದೂ ಅವಶ್ಯಕ; ಬೆಸುಗೆಯಲ್ಲಿ ಸೀಸವಿರುವುದುಂಟು.

ಈಗ ಮುಖ್ಯವಾದ ಭಾಗಕ್ಕೆ ಬಂದೆವು. ಈ ಹಳಿಗೆ ಮೂರು ಬಗೆಯ ವಿದ್ಯುತ್ತು ಬೇಕು. ಮೊದಲನೆಯದು, ಹಳೆಯ ಪದ್ಧತಿಯ ಹನ್ನೆರಡು ವೋಲ್ಟಿನ ಏಕಮುಖ ವಿದ್ಯುತ್ತು. ಎರಡನೆಯದು, ಡಿಸಿಸಿ ಪೆಟ್ಟಿಗೆಯಿಂದ ಹೊರಡುವ ಬರವಣಿಗೆಯ ವಿದ್ಯುತ್ತು, ಅಂದರೆ ಡಿಕೋಡರಿನ ಖಾನೆಗಳನ್ನು ಓದಿ ಬರೆಯುವುದಕ್ಕೆ ಬೇಕಾದುದು. ಮೂರನೆಯದು, ಅದೇ ಪೆಟ್ಟಿಗೆಯಿಂದ ಬರುವ ಓಟದ ಪೂರ್ಣ ವಿದ್ಯುತ್ತು. ಇವು ಮೂರೂ ಒಂದೇ ಹಳಿಗೆ ಬರಬೇಕು, ಆದರೆ ಯಾವ ಎರಡೂ ಒಂದೇ ಕಾಲಕ್ಕೆ ಬರಕೂಡದು. ಏಕಮುಖ ವಿದ್ಯುತ್ತೂ ಡಿಸಿಸಿಯೂ ಕ್ಷಣಮಾತ್ರ ಕೂಡಿದರೂ ಪೆಟ್ಟಿಗೆಗಳಲ್ಲಿ ಒಂದಾದರೂ ಕೆಡುವ ಸಂಭವವುಂಟು.

ಇದಕ್ಕೆ ಆರು ಕಾಲುಗಳುಳ್ಳ, ನಡುವೆ ಆರಿಸುವ ಸ್ಥಾನವಿರುವ ಸ್ವಿಚ್ಚುಗಳು ಎರಡು ಸಾಕು. ಮೊದಲನೆಯ ಸ್ವಿಚ್ಚಿನ ನಡುವಣ ಎರಡು ಕಾಲುಗಳನ್ನು ಹಳಿಯ ತಂತಿಗಳಿಗೆ ಸೇರಿಸುವುದು. ಅದರ ಒಂದು ಕಡೆಯ ಎರಡು ಕಾಲುಗಳಿಗೆ ಏಕಮುಖ ವಿದ್ಯುತ್ತಿನ ಪೆಟ್ಟಿಗೆಯನ್ನೂ, ಮತ್ತೊಂದು ಕಡೆಯ ಎರಡು ಕಾಲುಗಳಿಗೆ ಎರಡನೆಯ ಸ್ವಿಚ್ಚಿನ ನಡುವಣ ಕಾಲುಗಳನ್ನೂ ಜೋಡಿಸುವುದು. ಎರಡನೆಯ ಸ್ವಿಚ್ಚಿನ ಒಂದು ಕಡೆಗೆ ಬರವಣಿಗೆಯ ತಂತಿಗಳು, ಇನ್ನೊಂದು ಕಡೆಗೆ ಓಟದ ತಂತಿಗಳು. ಹೀಗೆ ಮಾಡಿದರೆ ಒಂದನ್ನು ಬಿಡದೆ ಇನ್ನೊಂದನ್ನು ಹಿಡಿಯುವುದು ಕೈಗೆ ಸಾಧ್ಯವೇ ಆಗದು. ಎರಡು ಹಳಿಗಳ ತಂತಿಗಳೂ ಬೇರ್ಪಡಬೇಕೇ ಹೊರತು ಒಂದೇ ತಂತಿಯನ್ನು ಕಡಿದರೆ ಸಾಲದು. ಓದುವ ಬರೆಯುವ ಕೆಲಸಕ್ಕೂ ಓಟಕ್ಕೂ ಒಂದೇ ಜೋಡಿ ತಂತಿಯಿರುವ ಪೆಟ್ಟಿಗೆಗಳೂ ಉಂಟು. ಅಂಥದಕ್ಕೆ ಮೊದಲನೆಯ ಸ್ವಿಚ್ಚೊಂದೇ ಸಾಕು.

ದೊಡ್ಡ ಹಳಿಯ ಒಂದು ತುಂಡನ್ನೇ ಬೇರ್ಪಡಿಸಿ ಬರವಣಿಗೆಗೆ ಇಟ್ಟುಕೊಳ್ಳಬಾರದೇ ಎಂದು ಕೆಲವರು ಕೇಳಬಹುದು. ಇಟ್ಟುಕೊಳ್ಳಬಹುದು. ಆದರೆ ಎಂಜಿನಿನ ಮುಂದಿನ ಗಾಲಿ ಒಂದು ತುಂಡಿನ ಮೇಲೂ ಹಿಂದಿನ ಗಾಲಿ ಇನ್ನೊಂದರ ಮೇಲೂ ನಿಂತರೆ ಎರಡು ವಿದ್ಯುತ್ತುಗಳಿಗೂ ಗಾಲಿಯೇ ಸೇತುವೆಯಾಗುವುದು. ಮೇಲಾಗಿ ಒಂದು ಎಂಜಿನಿಗೆಂದು ಬರೆದ ಸಂಖ್ಯೆಯು ಹಳಿಯ ಮೇಲಿರುವ ಎಲ್ಲಕ್ಕೂ ಅಂಟಿಕೊಂಡ ಕಥೆಗಳುಂಟು. ಮೇಜಿನ ಹಲಗೆಗೆ ಈ ಭಯವಿಲ್ಲ.

ಗೋಡೆಯ ೨೩೦ ವೋಲ್ಟಿನ ವಿದ್ಯುತ್ತಿಗೂ ನಮ್ಮ ಹಲಗೆಗೂ ನೇರವಾದ ಸಂಬಂಧ ಯಾವುದೂ ಇರಕೂಡದು. ಪೆಟ್ಟಿಗೆಗಳನ್ನು ಬಿಚ್ಚದೆ, ತಯಾರಕರು ಕೊಟ್ಟ ಹಾಗೆಯೇ ಬಳಸತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಲ್ಲ.

ನಾಣ್ಯದ ಪರೀಕ್ಷೆ

ಎಂಜಿನನ್ನು ಪರೀಕ್ಷಿಸುವುದಕ್ಕೆ ಮೊದಲು ಹಳಿಯನ್ನೇ ಪರೀಕ್ಷಿಸಬೇಕು. ಓಟದ ವಿದ್ಯುತ್ತನ್ನು ಕೊಟ್ಟು, ಒಂದು ರೂಪಾಯಿಯ ನಾಣ್ಯವನ್ನು ಎರಡು ಹಳಿಗಳಿಗೂ ತಾಗುವಂತೆ ಅಡ್ಡಲಾಗಿ ಇಡಿರಿ. ಆಜ್ಞಾಪೆಟ್ಟಿಗೆಯು ತತ್‌ಕ್ಷಣವೇ ವಿದ್ಯುತ್ತನ್ನು ಕಡಿದು ಕೆಂಪು ದೀಪವನ್ನೋ ಬೇರೊಂದು ಗುರುತನ್ನೋ ತೋರಿಸಬೇಕು. ನಾಣ್ಯವನ್ನು ತೆಗೆದರೆ ಮತ್ತೆ ಸರಿಹೋಗಬೇಕು. ಹಳಿಯ ಎರಡು ತುದಿಗಳಲ್ಲಿಯೂ ನಡುವೆಯೂ ಹೀಗೆ ಮಾಡಿ ನೋಡತಕ್ಕದ್ದು. ಕಡಿಯದಿದ್ದರೆ ತಂತಿ ತೆಳ್ಳಗಾಯಿತೆಂದೋ ಬೆಸುಗೆ ಕೂಡಲಿಲ್ಲವೆಂದೋ ಅರ್ಥ. ಹಾಗೆ ಬಿಟ್ಟರೆ, ಒಂದು ದಿನ ಹಳಿತಪ್ಪಿದ ಗಾಡಿಯ ಗಾಲಿಯು ಕಾದು ಪ್ಲಾಸ್ಟಿಕ್ಕು ಕರಗುವುದು.

ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಉಪ್ಪುಕಾಗದದಿಂದ ಉಜ್ಜುವ ಅಭ್ಯಾಸವು ಒಳ್ಳೆಯದಲ್ಲ. ಅದು ಮಾಡುವ ಸೂಕ್ಷ್ಮವಾದ ಗೀರುಗಳಲ್ಲಿಯೇ ಮುಂದೆ ಕೊಳೆಯು ಮನೆಮಾಡುವುದು.

ಎಂಜಿನಿನ ಪರೀಕ್ಷೆಯ ಕ್ರಮ

ಮೊದಲನೆಯದು ಕಣ್ಣು ಮತ್ತು ಕೈಯ ಪರೀಕ್ಷೆ. ಗಾಲಿಗಳು ಸರಾಗವಾಗಿ ತಿರುಗುತ್ತವೆಯೇ, ಹಲ್ಲುಗಾಲಿಯಲ್ಲಿ ಕೂದಲು ಸಿಕ್ಕಿಲ್ಲವಷ್ಟೆ, ಒಂದೇ ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವೆ ಸುಮಾರು ಹದಿನಾಲ್ಕೂವರೆ ಮಿಲ್ಲಿಮೀಟರು ಇದೆಯೇ ಎಂದು ನೋಡುವುದು.

ಎರಡನೆಯದು ಏಕಮುಖ ವಿದ್ಯುತ್ತಿನ ಪರೀಕ್ಷೆ. ಡಿಕೋಡರನ್ನು ಸೇರಿಸುವುದಕ್ಕೆ ಮೊದಲೇ ಎಂಜಿನನ್ನು ಹಳೆಯ ಪದ್ಧತಿಯಲ್ಲಿ ಓಡಿಸಬೇಕು. ಈ ಪದ್ಧತಿಯಲ್ಲಿ ಕುಂಟುವ ಎಂಜಿನು ಡಿಜಿಟಲ್ ಆದೊಡನೆ ಕುದುರೆಯಾಗುವುದಿಲ್ಲ. ಓಡುವಾಗ ಅದು ಎಷ್ಟು ಆಂಪಿಯರನ್ನು ಸೆಳೆಯುತ್ತದೆಂದು ಮಲ್ಟಿಮೀಟರಿನಿಂದ ಅಳೆದು ಬರೆದುಕೊಳ್ಳಬೇಕು. ಬಳಿಕ ಹನ್ನೆರಡು ವೋಲ್ಟು ಕೊಟ್ಟು ಗಾಲಿಯನ್ನು ಬೆರಳಿನಿಂದ ಒಂದೆರಡು ಸೆಕೆಂಡು ತಡೆಹಿಡಿದು ಆಗ ಎಷ್ಟೆಂದು ನೋಡಬೇಕು. ತಮ್ಮನ ಎಂಜಿನು ಓಡುವಾಗ ಕಾಲು ಆಂಪಿಯರನ್ನೂ, ತಡೆದಾಗ ಮುಕ್ಕಾಲಿಗೆ ಸ್ವಲ್ಪ ಹೆಚ್ಚಾಗಿಯೂ ಸೆಳೆಯಿತು. ಡಿಕೋಡರಿನ ಶಕ್ತಿಯು ಈ ಎರಡನೆಯ ಸಂಖ್ಯೆಗಿಂತ ಹೆಚ್ಚಾಗಿರತಕ್ಕದ್ದು. ನಾನು ಒಂದು ಆಂಪಿಯರಿನದನ್ನು ಆರಿಸಿದೆನು. ಡಿಕೋಡರಿಲ್ಲದ ಎಂಜಿನನ್ನು ಮರೆತೂ ಡಿಸಿಸಿ ಹಳಿಯ ಮೇಲೆ ನಿಲ್ಲಿಸಿಡಕೂಡದು. ಮೋಟಾರು ನಿಂತಲ್ಲಿಯೇ ಗುಂಯ್‌ಗುಟ್ಟುತ್ತ ಕಾದುಹೋಗುವುದು.

ಮೂರನೆಯದೇ ನಾನು ಮಾಡದೆ ಬಿಟ್ಟ ಪರೀಕ್ಷೆ. ಹಳೆಯ ಎಂಜಿನುಗಳಲ್ಲಿ ಒಂದು ಹಳಿಯ ವಿದ್ಯುತ್ತು ಲೋಹದ ಮೈಯ ಮೂಲಕವೇ ಮೋಟಾರಿಗೆ ಹೋಗುವಂತೆ ಮಾಡಿರುವುದುಂಟು. ಅದರಿಂದ ಒಂದು ತಂತಿ ಉಳಿಯುವುದು. ಏಕಮುಖ ವಿದ್ಯುತ್ತಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಡಿಕೋಡರು ಹಳಿಗೂ ಮೋಟಾರಿಗೂ ನಡುವೆ ಕುಳಿತು ಹಂಚತಕ್ಕ ಅಧಿಕಾರಿ. ಮೋಟಾರು ಅವನನ್ನು ದಾಟಿ ಹಳಿಯೊಡನೆ ಗುಟ್ಟಾಗಿ ವ್ಯವಹರಿಸಿದರೆ ಅವನು ಉಳಿಯಲಾರನು. ಆದಕಾರಣ ಮೋಟಾರಿಗೆ ಬರುವ ಹಳೆಯ ತಂತಿಗಳನ್ನೆಲ್ಲ ಬಿಡಿಸಿ, ಅದರ ಎರಡು ತುದಿಗಳಲ್ಲಿ ಪ್ರತಿಯೊಂದಕ್ಕೂ, ಎಡಗಾಲಿ ಬಲಗಾಲಿ ಮೈ ಇವುಗಳಲ್ಲಿ ಪ್ರತಿಯೊಂದಕ್ಕೂ ನಡುವೆ ಮಲ್ಟಿಮೀಟರನ್ನು ಹಿಡಿಯಬೇಕು. ಎಲ್ಲಿಯೂ ಅದು ಕೂಗಕೂಡದು. ನನ್ನ ಎಂಜಿನಿನಲ್ಲಿ ಮೋಟಾರಿನ ಕೆಳಗಣ ಇದ್ದಲಿನ ಸ್ಪ್ರಿಂಗು ಮೈಗೆ ತಾಗಿಕೊಂಡಿತ್ತು. ಮೊದಲೇ ನೋಡಿದ್ದರೆ ಐದು ನಿಮಿಷದ ಕೆಲಸ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಎರಡನೆಯ ಸಲ ಆ ಸ್ಪ್ರಿಂಗಿಗೆ ವಿದ್ಯುತ್ತು ಹರಿಯದ ನಳಿಕೆಯನ್ನು ತೊಡಿಸಿ, ಅದಕ್ಕೆ ಬೇರೆಯೇ ಒಂದು ತಂತಿಯನ್ನು ಬೆಸೆದೆನು.

ನಾಲ್ಕನೆಯದು ಡಿಕೋಡರಿನ ಜೋಡಣೆ. ತಂತಿಗಳ ಬಣ್ಣಕ್ಕೂ ನಿಯಮವುಂಟು. ಎಂಜಿನು ಮುಂದಕ್ಕೆ ಹೋಗುವಾಗ ಅದರ ಬಲಗಡೆಯ ಹಳಿಗೆ ಕೆಂಪು, ಎಡಗಡೆಯದಕ್ಕೆ ಕಪ್ಪು. ಮೋಟಾರಿನಲ್ಲಿ ಹಿಂದೆ ಬಲಹಳಿಗೆ ಸೇರಿದ್ದ ತುದಿಗೆ ಕಿತ್ತಳೆ, ಎಡಹಳಿಗೆ ಸೇರಿದ್ದುದಕ್ಕೆ ಬೂದು. ಮುಂದಿನ ದೀಪಕ್ಕೆ ಬಿಳಿ, ಹಿಂದಿನದಕ್ಕೆ ಹಳದಿ, ದೀಪಗಳೆರಡಕ್ಕೂ ಸಾಮಾನ್ಯವಾದ ಧನಕ್ಕೆ ನೀಲಿ. ಜೋಡಣೆಯಾದ ಮೇಲೆ ಮಲ್ಟಿಮೀಟರಿನಿಂದ ಮತ್ತೊಮ್ಮೆ ಎಲ್ಲವನ್ನೂ ನೋಡುವುದು.

ಐದನೆಯದು ಬರವಣಿಗೆಯ ಹಳಿಯ ಪರೀಕ್ಷೆ. ಹೊಸದಾಗಿ ಜೋಡಿಸಿದ ಎಂಜಿನು ಮೊಟ್ಟಮೊದಲು ಕಾಣಬೇಕಾದ ವಿದ್ಯುತ್ತು ಇದೇ. ಏತಕ್ಕೆಂದರೆ ಇದು ಬಡ ವಿದ್ಯುತ್ತು. ಮೊದಲ ಕ್ಷಣದ ಸೆಳೆತವನ್ನು ಬಿಟ್ಟರೆ ಕಾಲು ಆಂಪಿಯರಿಗಿಂತ ಹೆಚ್ಚನ್ನು ಕೊಡದಂತೆ ನಿಯಮದಲ್ಲಿಯೇ ಕಟ್ಟಿಹಾಕಿದೆ. ತಂತಿ ತಪ್ಪಿದ್ದರೂ ಇಲ್ಲಿ ಡಿಕೋಡರು ಸುಡದೆ ಉಳಿಯುವ ಸಂಭವ ಹೆಚ್ಚು. ಓಟದ ವಿದ್ಯುತ್ತಾದರೆ ಎರಡು ಮೂರು ಆಂಪಿಯರನ್ನು ಒಂದೇ ಸಲಕ್ಕೆ ಸುರಿದುಬಿಡುವುದು.

ಇಲ್ಲಿ ಎಂಟನೆಯ ಖಾನೆಯನ್ನು ಓದಲು ಪೆಟ್ಟಿಗೆಗೆ ಹೇಳಿರಿ. ಆಗ ನಡೆಯುವ ಸಂವಾದವು ಬಹು ಸೊಗಸಾದುದು. ಡಿಕೋಡರಿಗೆ ಈ ಹಳಿಯ ಮೇಲೆ ಮಾತು ಬಾರದು. ‘ಹೂಂ’ ಎನ್ನುವುದೊಂದೇ ಅದಕ್ಕೆ ಬರುವುದು. ಪೆಟ್ಟಿಗೆಯು, “ನಿನ್ನ ಖಾನೆಯಲ್ಲಿ ಇದು ಇದೆಯೇ?” ಎಂದು ಒಂದೊಂದಾಗಿ ಕೇಳುವುದು. ಇದ್ದರೆ ಡಿಕೋಡರು ಆರು ಮಿಲ್ಲಿಸೆಕೆಂಡುಗಳ ಕಾಲ ಕಡಮೆಯೆಂದರೆ ೬೦ ಮಿಲ್ಲಿ ಆಂಪಿಯರನ್ನು ಹೆಚ್ಚಾಗಿ ಸೆಳೆಯುವುದು. ಸಾಮಾನ್ಯವಾಗಿ ಮೋಟಾರಿನ ಮೂಲಕವೇ ಸೆಳೆಯುವುದರಿಂದ ಎಂಜಿನು ಸಣ್ಣಗೆ ಮಿಡಿಯುವುದು. ಆ ಮಿಡಿತವೇ ‘ಹೂಂ’. ಉತ್ತರ ಬಾರದಿದ್ದರೆ ಗಾಲಿ ಕೊಳೆಯಾಗಿದೆಯೋ, ಮೋಟಾರಿನ ತಂತಿ ಬಿಟ್ಟಿದೆಯೋ ಎಂದು ನೋಡಬೇಕು. ಉತ್ತರವು ಬರುವವರೆಗೆ ಓಟದ ವಿದ್ಯುತ್ತಿನ ಕಡೆಗೆ ಕೈ ಹಾಕಕೂಡದು.

ಆರನೆಯದು ಓಟ. ಎರಡನೆಯ ಸ್ವಿಚ್ಚನ್ನು ತಿರುಗಿಸಿ, ಎಂಜಿನಿನ ಸಂಖ್ಯೆಯನ್ನು ಒತ್ತಿ, ಅತ್ಯಂತ ಕಡಮೆ ವೇಗದಲ್ಲಿ ಹೊರಡಿಸಬೇಕು. ‘ಮುಂದೆ’ ಎಂದಾಗ ಹಿಂದಕ್ಕೆ ಹೋದರೆ ಗಾಬರಿಯಿಲ್ಲ. ದೀಪ ಸರಿಯಾಗಿದ್ದು ಮೋಟಾರು ಮಾತ್ರ ತಿರುಗುಮುರುಗಾಗಿದ್ದರೆ ಕಿತ್ತಳೆ ಬೂದು ತಂತಿಗಳನ್ನು ಅದಲುಬದಲು ಮಾಡುವುದು. ಎರಡೂ ತಿರುಗುಮುರುಗಾಗಿದ್ದರೆ ಇಪ್ಪತ್ತೊಂಬತ್ತನೆಯ ಖಾನೆಯ ಸಂಖ್ಯೆಗೆ ಒಂದನ್ನು ಕೂಡಿಸುವುದು, ಆರಿದ್ದರೆ ಏಳು. ಹೊರಡುವಾಗ ಮುಗ್ಗರಿಸಿದರೆ ಎರಡನೆಯ ಖಾನೆಯನ್ನು ಸ್ವಲ್ಪ ಹೆಚ್ಚಿಸುವುದು. ಬಳಿಕ ಹಲವು ಸಲ ಅತ್ತಿತ್ತ ನಡೆಸಿ, ಮೋಟಾರು ಬಿಸಿಯಾಗಿದೆಯೇ ಎಂದು ಬೆರಳಿಟ್ಟು ನೋಡಿ, ಆಮೇಲೆ ಎಂಜಿನಿನ ಮೈಯನ್ನು ಮುಚ್ಚುವುದು. ಮುಚ್ಚಿದ ಮೇಲೆ ಬರವಣಿಗೆಯ ಹಳಿಯಲ್ಲಿ ಇನ್ನೊಮ್ಮೆ ಓದಿ ನೋಡಬೇಕು. ಮುಚ್ಚುವಾಗ ತಂತಿಯು ಸಿಕ್ಕಿ ನಜ್ಜಾಗುವುದು ಬಹು ಸಾಮಾನ್ಯ.

ಎರಡನೆಯ ಹಬ್ಬ

ಎರಡನೆಯ ವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಹಲಗೆಯು ಸಿದ್ಧವಾಯಿತು. ನಾನು ಕೆಲಸ ಮಾಡುತ್ತಿದ್ದರೆ ಮೊಮ್ಮಗಳು ಪಕ್ಕದಲ್ಲಿ ಪುಸ್ತಕವನ್ನಿಟ್ಟುಕೊಂಡು ಪ್ರತಿಪರೀಕ್ಷೆಯ ಮುಂದೆಯೂ ಗುರುತು ಹಾಕುತ್ತಿದ್ದಳು. ಗುರುತು ಬೀಳದೆ ನನ್ನನ್ನು ಮುಂದಿನ ಹಂತಕ್ಕೆ ಬಿಡಳು. ಎಂಟನೆಯ ಖಾನೆಯನ್ನು ಓದುವ ದಿನ ನನ್ನ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುವೆನು. ಎಂಜಿನು ಒಮ್ಮೆ ಮಿಡಿಯಿತು, ಮತ್ತೊಮ್ಮೆ ಮಿಡಿಯಿತು. ಪೆಟ್ಟಿಗೆಯ ಮೇಲೆ ಸಂಖ್ಯೆ ಮೂಡಿತು. ಹೊಗೆ ಏಳಲಿಲ್ಲ. “ಈ ಸಲ ಹೊಗೆ ಬರಲಿಲ್ಲವಲ್ಲ ತಾತ” ಎಂದು ಅವಳು ತುಸು ಬೇಸರದಿಂದಲೇ ಹೇಳಿದಳು.

ಎಂಜಿನಿಗೆ ಯಾವ ಸಂಖ್ಯೆಯನ್ನು ಕೊಡಬೇಕೆಂಬುದನ್ನು ನಾನು ತಮ್ಮನ ಹೆಂಡತಿಯನ್ನೇ ಕೇಳಿದೆನು. “ಅವರು ಅದನ್ನು ತಂದ ವರ್ಷವೇ ಇರಲಿ ಭಾವ” ಎಂದಳು. ಆದುದರಿಂದ ಒಂದನೆಯ ಖಾನೆಯಲ್ಲಿ ೭೮ ಎಂದು ಬರೆದಿದೆ.

ಆಯುಧಪೂಜೆಯ ದಿನ ಮಲ್ಟಿಮೀಟರು, ಸಾಲ್ಡರಿಂಗ್ ಐರನ್, ಪರೀಕ್ಷಾ ಹಲಗೆ ಇವುಗಳ ಸಾಲಿನಲ್ಲಿ ಎಂಜಿನನ್ನೂ ಇಟ್ಟಿದ್ದೆವು. ತಮ್ಮನ ಹೆಂಡತಿಯು ಬಂದು ಅದರ ಹಣೆಗೆ, ಗಾಲಿಗೆ ತಾಗದ ಹಾಗೆ, ಕುಂಕುಮವನ್ನು ಇಟ್ಟಳು. ಸಂಜೆ ಅದು ನಾಲ್ಕು ಗಾಡಿಗಳನ್ನು ಎಳೆದುಕೊಂಡು ಪಟ್ಟದ ಗೊಂಬೆಗಳನ್ನು ಬಳಸಿ ಶೆಟ್ಟರ ಅಂಗಡಿಯ ಮುಂದೆ ನಿಂತಿತು. ಅವಳು ಬಹಳ ಹೊತ್ತು ನೋಡುತ್ತಿದ್ದು, “ಇಲ್ಲಿ ನಿಲ್ಲಿಸಬೇಕೆಂದು ನಿಮಗೆ ನೆನಪಿತ್ತೆ?” ಎಂದು ಕೇಳಿದಳು. ನೆನಪಿತ್ತು.

ವಾಚಕರಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಹಿರಿಯರು ಬಿಟ್ಟುಹೋದ ಇಂಥದೊಂದು ಎಂಜಿನು ಇದ್ದರೆ, ಅದನ್ನು ಹೊರಕ್ಕೆ ತೆಗೆಯುವುದಕ್ಕೆ ಮೊದಲು ಒಂದು ಹಲಗೆಯನ್ನೂ ಒಂದು ಗಜ ಹಳಿಯನ್ನೂ ಸಿದ್ಧಮಾಡಿಕೊಳ್ಳಲಿ. ಹಬ್ಬಕ್ಕೆ ಎರಡೇ ದಿನ ಉಳಿದಿದ್ದರೆ ಆ ವರ್ಷಕ್ಕೆ ಬಿಟ್ಟುಬಿಡಲಿ. ಹಬ್ಬವು ಮುಂದಿನ ವರ್ಷವೂ ಬರುವುದು.